ಎಸ್‌ಎಎಸ್‌ನಲ್ಲಿ ಮ್ಯಾಕ್ರೋ ವೇರಿಯಬಲ್ ಕೈಕೊಟ್ಟಾಗ

ಡೇಟಾ ವಿಶ್ಲೇಷಣೆಯ ಸಾಫ್ಟ್‌ವೇರ್ ಆದ ಎಸ್‌ಎಎಸ್, ಕೋಡ್ ಓಡಿಸಿದಾಗ ಬರೆಯುವ ವರದಿಯಾದ ಲಾಗ್‌ನಲ್ಲಿ ‘ಅಪರೆಂಟ್ ಸಿಂಬಾಲಿಕ್ ರೆಫರೆನ್ಸ್... ನಾಟ್ ರಿಸಾಲ್ವ್ಡ್’ ಎಂಬ ವಾರ್ನಿಂಗ್ ಬಂದರೆ, ಆ ಹೆಸರಿನ ಮ್ಯಾಕ್ರೋ ವೇರಿಯಬಲ್ (ಬೆಲೆಯೊಂದನ್ನು ಹಿಡಿದಿಟ್ಟು, ಆಂಪರ್‌ಸ್ಯಾಂಡ್ ಚಿಹ್ನೆ ಹಾಕಿ ಕರೆದಲ್ಲಿ ತುಂಬಿಕೊಡುವ ಹೆಸರು) ಆ ಹೊತ್ತಿಗೆ ಎಸ್‌ಎಎಸ್‌ಗೆ ಸಿಕ್ಕಿಲ್ಲ ಎಂದರ್ಥ. ಮೊದಲು ಸ್ಪೆಲಿಂಗ್ ನೋಡಿ. ಸರಿಯಿದ್ದರೆ ‘%ಪುಟ್ _ಯೂಸರ್_;’ ಓಡಿಸಿ; ನೀವು ಸೃಷ್ಟಿಸಿದ್ದೆಲ್ಲ ಗ್ಲೋಬಲ್ಲೋ (ಎಲ್ಲೆಡೆ ಸಿಗುವಂಥದ್ದು) ಲೋಕಲ್ಲೋ (ಮ್ಯಾಕ್ರೋ ಎಂಬ ಹೆಸರಿಟ್ಟ ಕೋಡ್ ತುಣುಕಿನೊಳಗೆ ಮಾತ್ರ ಸಿಗುವಂಥದ್ದು) ಎಂಬುದರ ಸಮೇತ ಲಾಗ್‌ಗೆ ಬರುತ್ತದೆ.

ಹೆಚ್ಚು ಕಾಡುವುದು ಕಾಲ್ ಸಿಂಪುಟ್ಎಕ್ಸ್, ಅಂದರೆ ಮ್ಯಾಕ್ರೋ ವೇರಿಯಬಲ್‌ಗೆ ಬೆಲೆ ಕೊಡುವ ಆದೇಶ. ಅದು ಬೆಲೆ ತುಂಬುವುದು ಡೇಟಾ ಸ್ಟೆಪ್ (ಡೇಟಾ ಓದಿ ಬದಲಿಸುವ ಕೋಡ್ ಭಾಗ) ಓಡುವಾಗ; & ಇರುವ ಹೆಸರು ಬಿಡಿಸಿಕೊಳ್ಳುವುದು ಅದಕ್ಕೂ ಮೊದಲು, ಕಂಪೈಲ್ ಆಗುವಾಗ (ಓಡುವ ಮುನ್ನ ಕೋಡ್ ಸಿದ್ಧವಾಗುವಾಗ). ಹಾಗಾಗಿ ಅದೇ ಸ್ಟೆಪ್‌ನಲ್ಲಿ ಬಳಸಿದರೆ ಸಿಗದು. ಹಿಂದಿನ ಓಟದ ಬೆಲೆ ಉಳಿದಿದ್ದರಂತೂ ವಾರ್ನಿಂಗೂ ಇಲ್ಲದೆ ತಪ್ಪು ಉತ್ತರ ಬರುತ್ತದೆ, ಇದೇ ನಿಜವಾದ ಅಪಾಯ. ‘ರನ್;’ ಹಾಕಿ ಮುಗಿಸಿದ ಮೇಲೆ ಬಳಸಿ; ಅಲ್ಲೇ ಬೇಕಿದ್ದರೆ ಸ್ಟೆಪ್ ಓಡುವಾಗಲೇ ಬೆಲೆ ತರುವ ಸಿಮ್‌ಗೆಟ್ ಫಂಕ್ಷನ್ ಇದೆ.

ಮ್ಯಾಕ್ರೋ ಒಳಗೆ %ಲೆಟ್‌ನಿಂದ ಹೊಸದಾಗಿ ಹುಟ್ಟಿದ್ದು ಲೋಕಲ್, ಮ್ಯಾಕ್ರೋ ಮುಗಿಸುವ %ಮೆಂಡ್ ದಾಟಿದರೆ ಇಲ್ಲ. ಹೊರಗೂ ಬೇಕಿದ್ದರೆ ಮೊದಲೇ %ಗ್ಲೋಬಲ್ ಎಂದು ಘೋಷಿಸಿ.

ಟೈಟಲ್‌ನಲ್ಲಿ &ವರ್ಷ ಹಾಗೆಯೇ ಅಚ್ಚಾಯಿತೇ? ಸಿಂಗಲ್ ಕೋಟ್ ತೆಗೆದು ಡಬಲ್ ಕೋಟ್ ಹಾಕಿ. ಲೈಬ್ರರಿ (ಡೇಟಾ ಫೈಲುಗಳ ಜಾಗ) ಹೆಸರು ಮ್ಯಾಕ್ರೋ ವೇರಿಯಬಲ್‌ನಲ್ಲಿದ್ದರೆ ಅದರ ನಂತರ ಚುಕ್ಕೆ ಎರಡಿರಲಿ: &ಲಿಬ್..ಮಾರಾಟ. ಮೊದಲನೆಯದನ್ನು ಮ್ಯಾಕ್ರೋ ಪ್ರೊಸೆಸರ್ ನುಂಗುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ‘ಆಪ್ಷನ್ಸ್ ಸಿಂಬಲ್‌ಜೆನ್ ಎಂಪ್ರಿಂಟ್;’ ಹಾಕಿ ಓಡಿಸಿ, ಪ್ರತಿ & ಯಾವ ಬೆಲೆಗೆ ತಿರುಗಿತೆಂದು ಲಾಗ್‌ನಲ್ಲೇ ಓದಿ.