ಹುಣಸೆ ಬೀಜ ಇಟ್ಟು ನೆರಳು ಹುಡುಕಿದ್ದು

ಮೊದಲ ನಕ್ಷೆಯನ್ನು ನಾನು ಮನೆಯಲ್ಲೇ ಕೂತು ಮಾಡಿದೆ. ಎಡವಿದ್ದು ಅಲ್ಲೇ.

ಕಟ್ಟಡಗಳ ಪ್ಲಾನ್ ಬರೆಯುವುದು ನನ್ನ ಹೊಟ್ಟೆಪಾಡು. ದಾವಣಗೆರೆಯ ನಿಟುವಳ್ಳಿ ಕಡೆ ನಮ್ಮ ಮನೆ. ಬಡಾವಣೆಯ ಪಾರ್ಕು, ಮರ, ಖಾಲಿ ಜಾಗ ಎಲ್ಲವನ್ನೂ ಒಂದು ನಕ್ಷೆಗೆ ತಂದು ವಾರ್ಡ್ ಸಭೆಯಲ್ಲಿ ಇಡೋಣ ಅಂತ ನಿವಾಸಿಗಳ ಸಂಘದಲ್ಲಿ ಮಾತಾಯಿತು. ನಾನು ಉಪಗ್ರಹ ಚಿತ್ರ ತೆರೆದು ಹಸಿರು ಕಂಡಲ್ಲೆಲ್ಲ ಗೆರೆ ಎಳೆದೆ. ಎರಡು ಸಂಜೆಯ ಕೆಲಸ. ತೋರಿಸಿದರೆ ಹಾಲು ಹಾಕುವವರು ನಕ್ಕುಬಿಟ್ಟರು. ನಾನು ದಟ್ಟ ಹಸಿರು ಬಳಿದಿದ್ದು ಯಾರದೋ ಖಾಲಿ ಸೈಟಿಗೆ. ಅದರ ತುಂಬ ಬಳ್ಳಾರಿ ಜಾಲಿ. ಹಂದಿ ಬಿಟ್ಟರೆ ಅಲ್ಲಿಗೆ ಯಾರೂ ಕಾಲಿಡಲ್ಲ.

ಜಗಳೂರು ಕಡೆ ಜಲಾನಯನ ಕೆಲಸದಲ್ಲಿ ಹಳ್ಳಿಯವರೇ ನೆಲದ ಮೇಲೆ ಊರಿನ ನಕ್ಷೆ ಬರೆಯುವುದನ್ನು ಹಿಂದೆ ನೋಡಿದ್ದೆ. ಅದನ್ನೇ ನಮ್ಮ ಬೀದಿಯಲ್ಲಿ ಮಾಡಿದೆವು. ಭಾನುವಾರ ಬೆಳಿಗ್ಗೆ ರಸ್ತೆ ಗುಡಿಸಿ ನೀರು ಹಾಕಿ, ಹೆಂಗಸರು ರಂಗೋಲಿ ಪುಡಿಯಲ್ಲಿ ಕ್ರಾಸುಗಳನ್ನು ಎಳೆದರು. ನನ್ನ ಅಳತೆ ಪಟ್ಟಿ ಜೇಬಲ್ಲೇ ಉಳಿಯಿತು. ಮನೆಗೆ ಐದು ಹುಣಸೆ ಬೀಜ ಹಂಚಿದೆ. "ಎಲ್ಲಿ ಪಾರ್ಕ್ ಬೇಕು?" ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ತಮ್ಮ ಮನೆ ಎದುರು ಅಂತಾರೆ, ಅಲ್ವಾ? "ಬೇಸಿಗೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಎಲ್ಲಿ ಕೂರ್ತೀರಿ, ಅಲ್ಲಿ ಬೀಜ ಇಡಿ" ಅಂದೆ.

ಹೂ ಕಟ್ಟುವ ಅಜ್ಜಿ ಐದೂ ಬೀಜವನ್ನು ಟ್ರಾನ್ಸ್‌ಫಾರ್ಮರ್ ಪಕ್ಕ ಇಟ್ಟರು.

"ಅಜ್ಜಿ, ಪಾರ್ಕ್ ಇರೋದು ಈ ಕಡೆ."

"ಗೊತ್ತೈತಪ್ಪ. ಅಲ್ಲಿ ಕುಂದ್ರಾಕೆ ನೆಳ್ಳು ಎಲ್ಲೈತಿ?"

ಟ್ರಾನ್ಸ್‌ಫಾರ್ಮರ್‌ನಿಂದ ನಾಲ್ಕು ಮಾರು ದೂರದಲ್ಲಿ ಒಂದು ಬೇವಿನ ಮರ, ಅದರ ಬುಡದಲ್ಲಿ ಒಂದು ಚಪ್ಪಡಿ ಕಲ್ಲು. ಆಟೋದವರು, ತರಕಾರಿ ಗಾಡಿಯವರು, ಅಜ್ಜಿ ಎಲ್ಲರದೂ ಅದೇ ಜಾಗ. ನನ್ನ ನಕ್ಷೆಯಲ್ಲಿ ಅದು ಇರಲೇ ಇಲ್ಲ. ಪಾರ್ಕಿನ ಮೇಲೆ ಬಿದ್ದ ಬೀಜ ಬೆರಳೆಣಿಕೆಯಷ್ಟು. ಹುಡುಗರ ಬೀಜ ಪೂರ್ತಿ ಕ್ರಿಕೆಟ್ ಆಡುವ ಖಾಲಿ ಸೈಟಿನ ಮೇಲೆ. ಆಮೇಲೆ ಕತ್ತಲಾದ ಮೇಲೆ ಹೋಗಲು ಭಯವಾಗುವ ಕಡೆ ಇದ್ದಿಲು ಇಡಿ ಅಂದೆ. ಹೆಂಗಸರೆಲ್ಲ ಪಾರ್ಕಿನ ಹಿಂದಿನ ಗೇಟಿಗೇ ಇಟ್ಟರು. ಗಂಡಸರಿಗೆ ಆ ಗೇಟಿನ ವಿಷಯವೇ ಗೊತ್ತಿರಲಿಲ್ಲ, ನನಗೂ ಸೇರಿ.

ಮುಂದಿನ ವಾರ ಮರ ಎಣಿಕೆ. ಕಾಲೇಜು ಹುಡುಗರು ಮೊಬೈಲಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಒಂದೊಂದೇ ಮರ ಸೇರಿಸಿದರು. ಅದು ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ, ಹೆಸರುಗಳನ್ನು ಕನ್ನಡದಲ್ಲೂ ಹಾಕಬಹುದು. ಆದರೆ ಮರದ ಕೆಳಗೆ, ಮನೆಗಳ ಸಂದಿಯಲ್ಲಿ ಮೊಬೈಲಿನ ಜಿಪಿಎಸ್ ಜಾರುತ್ತದೆ. ಒಂದು ಹೊಂಗೆ ಮರ ಯಾರದೋ ಅಡುಗೆಮನೆ ಒಳಗೆ ಬಂದು ನಿಂತಿತ್ತು. ಆಮೇಲೆ ಲೈಟು ಕಂಬದಿಂದ, ಕಾಂಪೌಂಡಿನಿಂದ ಎಷ್ಟು ಹೆಜ್ಜೆ ಅಂತ ಬರೆದುಕೊಂಡು ಸರಿಮಾಡಿದೆವು. ಕಾಂಡದ ಸುತ್ತಳತೆಯನ್ನು ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ ಎತ್ತರದಲ್ಲಿ ತೆಗೆಯಬೇಕು. ನಮ್ಮ ಹತ್ತಿರ ಇದ್ದದ್ದು ಟೈಲರ್ ಟೇಪು, 60 ಇಂಚಿನದು. ದೊಡ್ಡ ಮಳೆಮರದ ಅರ್ಧಕ್ಕೇ ಮುಗಿದುಹೋಯಿತು. ಎದುರುಮನೆ ಅಕ್ಕ ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿ ಕೊಟ್ಟರು. ಮರಕ್ಕೆ ಹಗ್ಗ ಸುತ್ತಿ, ಆಮೇಲೆ ಹಗ್ಗವನ್ನು ಟೇಪಿನಲ್ಲಿ ಅಳೆದೆವು.

ಗಿಡ ಯಾವುದು ನೆಡೋದು ಅನ್ನುವಾಗ ಜಗಳ ಜಾಸ್ತಿಯಾಯಿತು. ಹೂವು ಚೆಂದ ಅಂತ ಕೆಲವರಿಗೆ ಗುಲ್‌ಮೊಹರ್ ಬೇಕು. ಅದು ಬಿಸಿಲು ಏರುವ ಹೊತ್ತಿಗೇ ಎಲೆ ಉದುರಿಸಿ ಬೋಳಾಗುತ್ತದೆ, ಗಾಳಿಗೆ ಕೊಂಬೆಯೂ ಬೇಗ ಮುರಿಯುತ್ತದೆ. "ಅದರ ಕೆಳಗೆ ಗಾಡಿ ನಿಲ್ಸಲ್ಲ ನಾವು" ಅಂದರು ಆಟೋದವರು. ಮಾತು ಅಲ್ಲಿಗೆ ಮುಗಿಯಿತು. ಯುಗಾದಿ ಹೊತ್ತಿಗೆ ಹೊಸ ಚಿಗುರು ತೊಟ್ಟು ನಿಲ್ಲುವುದು ಹೊಂಗೆ. ಮುಂಗಾರು ಬಿದ್ದ ಮೇಲೆ ಪಾರ್ಕಿನ ಪಡುವಣ ಬದಿಗೆ ಅದನ್ನೇ ನೆಟ್ಟೆವು. ಸಂಜೆ ಬಿಸಿಲು ಬೀಳುವುದು ಆ ಕಡೆಯಿಂದ. ಬಿಸಿಲಲ್ಲಿದ್ದ ಎರಡು ಬೆಂಚನ್ನು ಮಳೆಮರದ ಕೆಳಗೆ ಸರಿಸಿ, ಹಿಂದಿನ ಗೇಟಿಗೆ ದೀಪ ಹಾಕಿ ಅಂತ ಅರ್ಜಿ ಬರೆದೆವು. ಜೊತೆಗೆ ರಂಗೋಲಿ ನಕ್ಷೆಯ ಫೋಟೋ, ಮರಗಳ ಪಟ್ಟಿ, ಮಾಹಿತಿ ಹಕ್ಕಿನಲ್ಲಿ ತೆಗೆದ ಬಡಾವಣೆಯ ಅನುಮೋದಿತ ನಕ್ಷೆ ಇಟ್ಟೆವು. ಈ ಕೊನೆಯದನ್ನು ಮರೀಬೇಡಿ. ಪಾರ್ಕು, ಆಟದ ಬಯಲು ಕಾಪಾಡಲು ರಾಜ್ಯದಲ್ಲಿ 1985ರ ಕಾಯ್ದೆಯೇ ಇದೆ. ಆದರೆ ಯಾವ ಜಾಗ ಪಾರ್ಕು ಅಂತ ತೋರಿಸಲು ಕೈಯಲ್ಲಿ ಕಾಗದ ಬೇಕು. ಬೆಂಚು ಸರಿದವು, ದೀಪವೂ ಬಂತು. ಗಿಡಗಳಲ್ಲಿ ಕೆಲವು ಒಣಗಿದವು. ನೀರು ಹಾಕುವ ಪಾಳಿ ಬರೆದಿಡದೆ ಸುಮ್ನೆ "ಎಲ್ಲರೂ ಹಾಕೋಣ" ಅಂದಿದ್ದೆವು. ಎಲ್ಲರೂ ಅಂದರೆ ಯಾರೂ ಇಲ್ಲ ಅಂತಲೇ.

ಬೇವಿನ ಬುಡದ ಚಪ್ಪಡಿ ಈಗ ನಕ್ಷೆಯಲ್ಲಿ ಬೆಂಚು ಅಂತ ಕಾಣುತ್ತದೆ. ಹುಡುಗರ ಕ್ರಿಕೆಟ್ ಸೈಟಿಗೆ ಮಾತ್ರ ಏನೂ ಮಾಡಲಾಗಲಿಲ್ಲ, ಅದು ಖಾಸಗಿ ಜಾಗ. ಹೋದ ತಿಂಗಳು ಪಾಯ ತೋಡಿದರು. ಹುಡುಗರು ಈಗ ಪಾರ್ಕಿನಲ್ಲೇ ಆಡ್ತಾರೆ. ಚೆಂಡು ಹೊಸ ಹೊಂಗೆ ಗಿಡಗಳಿಗೆ ಬೀಳುತ್ತದೆ ಅಂತ ನಿನ್ನೆ ಒಬ್ಬರು ನನ್ನ ಮನೆ ಬಾಗಿಲಿಗೆ ಬಂದಿದ್ದರು. ಮತ್ತೊಮ್ಮೆ ಬೀಜ ಹಂಚಬೇಕು.