ಆಸಿಡಿಟಿ ಆಪರೇಷನ್ ಆಯ್ತು, ಮುದ್ದೆ ಯಾವಾಗ?

ಊಟ ಮುಗಿದು ಒಂದು ತೇಗು ಬಂದರೇ ನಮಗೆ ಸಮಾಧಾನ. ಫಂಡೊಪ್ಲಿಕೇಷನ್ ಆದವರಿಗೆ ಮೊದಲು ಕೈಕೊಡುವುದು ಆ ತೇಗೇ.

ಹುಳಿನೀರು ಎದೆಗೆ ಏರಿ ಏರಿ, ಮಾತ್ರೆಗೂ ಬಗ್ಗದಿದ್ದಾಗ ಮಾಡುವ ಆಪರೇಷನ್ ಇದು. ಜಠರದ ಮೇಲ್ಭಾಗವನ್ನು ಅನ್ನನಾಳದ ಕೆಳತುದಿಗೆ ಮಫ್ಲರ್ ಥರ ಸುತ್ತಿ ಹೊಲಿಯುತ್ತಾರೆ. ಸರ್ಜನ್ ರುಡಾಲ್ಫ್ ನಿಸ್ಸೆನ್ ಈ ವಿಧಾನವನ್ನು ಪ್ರಕಟಿಸಿದ್ದು 1956ರಲ್ಲಿ. ಈಗ ಹೆಚ್ಚಾಗಿ ಹೊಟ್ಟೆ ಮೇಲೆ ನಾಲ್ಕೈದು ಸಣ್ಣ ತೂತು ಮಾಡಿ ಮುಗಿಸುತ್ತಾರೆ. ಪೂರ್ತಿ 360 ಡಿಗ್ರಿ ಸುತ್ತಿದರೆ ನಿಸ್ಸೆನ್, ಹಿಂದಿನಿಂದ 270 ಡಿಗ್ರಿ ಸುತ್ತಿದರೆ ಟೂಪೆ. ನಿಮಗೆ ಆಗಿದ್ದು ಯಾವುದು ಅಂತ ಮನೆಗೆ ಹೊರಡುವ ಮುಂಚೆ ಕೇಳಿಕೊಳ್ಳಿ. ಅರೆಸುತ್ತಿನವರಿಗೆ ನುಂಗುವ ಕಷ್ಟ, ಗ್ಯಾಸ್ ಸ್ವಲ್ಪ ಕಡಿಮೆ.

ಮೊದಲೆರಡು ದಿನ ಹೊಟ್ಟೆಗಿಂತ ಭುಜ ಜಾಸ್ತಿ ನೋಯಬಹುದು. ಆಪರೇಷನ್‌ಗೆ ತುಂಬಿದ ಗಾಳಿ ವಪೆಯನ್ನು, ಅಂದರೆ ಎದೆ-ಹೊಟ್ಟೆ ನಡುವಿನ ಪರದೆಯನ್ನು, ಕೆಣಕುವುದರಿಂದ ಹೀಗಾಗುತ್ತದೆ. ಎದ್ದು ಮನೆಯೊಳಗೇ ನಡೆದಾಡಿ.

ಇನ್ನು ಊಟ. ಸುತ್ತಿದ ಜಾಗ ಊದಿಕೊಂಡಿರುತ್ತದೆ, ದಾರಿ ಕಿರಿದು. ಮೊದಲ ವಾರ, ಕೆಲವರಿಗೆ ಎರಡು ವಾರ, ಬರೀ ನೀರಾದ ಪದಾರ್ಥ: ಸೋಸಿದ ಗಂಜಿ, ಬೇಳೆಕಟ್ಟು, ತಿಳಿ ಮಜ್ಜಿಗೆ, ತೆಳ್ಳಗಿನ ರಾಗಿ ಅಂಬಲಿ. ಗಟಗಟ ಬೇಡ, ಗುಟುಕು ಗುಟುಕಾಗಿ. ಸ್ಟ್ರಾ, ಸೋಡಾ, ಚೂಯಿಂಗ್ ಗಮ್ ದೂರ. ಒಳಗೆ ಹೋದ ಗಾಳಿ ಮೇಲೆ ಬರಲಾರದು, ಕೆಳಗಿನಿಂದಲೇ ಹೋಗಬೇಕು. ನಾಚಿಕೆ ಪಟ್ಟುಕೊಂಡರೆ ಹೊಟ್ಟೆ ಉಬ್ಬರ, ಅಷ್ಟೇ.

ಆಮೇಲೆ ಆರನೇ ವಾರದವರೆಗೂ ಮೆತ್ತಗಿನದು. ಮಜ್ಜಿಗೆಯಲ್ಲಿ ಕಿವುಚಿದ ಅನ್ನ, ಬೇಯಿಸಿ ಹಿಸುಕಿದ ಕುಂಬಳಕಾಯಿ, ಸಾರಲ್ಲಿ ಪೂರ್ತಿ ನೆನೆದ ಇಡ್ಲಿ. ಒಣ ಇಡ್ಲಿ ಬೇಡ. ಬನ್ನು, ಬ್ರೆಡ್ಡು, ಚಪಾತಿ ನೋಡಲು ಮೃದು, ಆದರೆ ಎಂಜಲಿಗೆ ಅಂಟಾಗಿ ಅಲ್ಲೇ ಕೂರುತ್ತವೆ. ನಮ್ಮ ಭಾವ ಮೂರನೇ ವಾರವೇ ಅರ್ಧ ಚಪಾತಿ ಕದ್ದು ತಿಂದರು. ಎದೆಮೂಳೆ ಹಿಂದೆ ಸಿಕ್ಕಿಕೊಂಡು, ಇಪ್ಪತ್ತು ನಿಮಿಷ ಅಡುಗೆಮನೆ ಕಟ್ಟೆ ಹಿಡಿದು ನಿಂತಿದ್ದರು. ಆ ದಿನದಿಂದ ಟೀ ಚಮಚ ಕೈ ಬಿಡಲಿಲ್ಲ. ಅಳತೆ ಅದೇ: ಒಂದು ಟೀ ಚಮಚ, ಚೆನ್ನಾಗಿ ಅಗಿದು, ಅದು ಇಳಿದ ಮೇಲೆ ಇನ್ನೊಂದು. ಮೂರು ಹೊತ್ತಿನ ಬದಲು ಆರು ಹೊತ್ತು ತಿನ್ನಿ. ಸಾಕು ಅನಿಸಿದ ಕ್ಷಣ ನಿಲ್ಲಿಸಿ. 'ಇನ್ನೊಂದು ತುತ್ತು' ಅನ್ನುವ ಅತ್ತೆಯಂದಿರನ್ನು ಆ ಒಂದು ತಿಂಗಳು ಅಡುಗೆಮನೆಯಲ್ಲೇ ಕೂರಿಸಿ! ಉಂಡ ಮೇಲೆ ಅರ್ಧ ಗಂಟೆಯಾದರೂ ನೆಟ್ಟಗೆ ಕೂತಿರಿ. ನಾಲ್ಕೈದು ಕೆಜಿ ಇಳಿದರೆ ಗಾಬರಿ ಬೇಡ, ಇಳಿಯುತ್ತಲೇ ಹೋದರೆ ಡಾಕ್ಟರಿಗೆ ಹೇಳಿ.

ದೊಡ್ಡ ಮಾತ್ರೆಗಳೂ ಸಿಕ್ಕಿಕೊಳ್ಳುತ್ತವೆ. ಆದರೆ ಎಲ್ಲ ಮಾತ್ರೆಯನ್ನೂ ಪುಡಿ ಮಾಡುವಂತಿಲ್ಲ, ಕೇಳಿಯೇ ಮಾಡಿ. ನೀರು ತುಂಬಿದ ಬಿಂದಿಗೆ, ಗ್ಯಾಸ್ ಸಿಲಿಂಡರ್ ಕನಿಷ್ಠ ಆರು ವಾರ ಬೇರೆಯವರು ಎತ್ತಲಿ.

ವಾಂತಿ, ಓಕರಿಕೆ ಬಂದರೆ ತಡ ಮಾಡಬೇಡಿ, ಫೋನ್ ಮಾಡಿ. ಓಕರಿಸುವ ರಭಸಕ್ಕೆ ಹೊಲಿಗೆ ಸಡಿಲವಾಗಬಹುದು. ನೀರು, ಎಂಜಲು ಕೂಡ ಇಳಿಯದಿದ್ದರೆ, ಜ್ವರ, ಉಸಿರಾಟದ ಕಷ್ಟ, ಏರುತ್ತಿರುವ ಎದೆನೋವು ಅಥವಾ ಹೊಟ್ಟೆನೋವು, ಕಪ್ಪು ಮಲ ಕಂಡರೆ ಸೀದಾ ಆಸ್ಪತ್ರೆ.

ಹೆಚ್ಚಿನವರಿಗೆ ನುಂಗುವ ತೊಂದರೆ ಎರಡು-ಮೂರು ತಿಂಗಳಲ್ಲಿ ಕರಗುತ್ತದೆ. ಮುದ್ದೆ ಮಾತ್ರ ಕೊನೆಗಿರಲಿ. ಅದನ್ನು ನಾವು ಅಗಿಯುವುದಿಲ್ಲ ಅಲ್ವಾ, ಮುರಿದು ಸಾರಿಗೆ ಅದ್ದಿ ನುಂಗುವುದು. ಆ ನುಂಗುವಿಕೆಗೇ ಈಗ ಜಾಗವಿಲ್ಲ. ಡಾಕ್ಟರು ಹೂಂ ಅಂದ ಮೇಲೆ, ಮೊದಲ ಸಲ ಕಡಲೆಕಾಳಿನಷ್ಟು ಮುರಿದು, ಸಾರಲ್ಲಿ ಕದಡಿ ತಿನ್ನಿ. ಮುದ್ದೆಯನ್ನು ಚಮಚದಲ್ಲಿ ತಿಂತಾರಾ ಅಂತ ಮಂಡ್ಯದ ನೆಂಟರು ನಗಬಹುದು, ನಗಲಿ ಬಿಡಿ.