ಕಿಡೆಪೊ ಸಫಾರಿ: ಮೊದಲು ಡೀಸೆಲ್, ಸ್ಟೆಪ್ನಿ, ಆಮೇಲೆ ಸಿಂಹ

ಉಗಾಂಡಾದ ಈಶಾನ್ಯ ತುದಿಯಲ್ಲಿ, ದಕ್ಷಿಣ ಸುಡಾನ್ ಗಡಿಗೆ ಅಂಟಿಕೊಂಡಿದೆ 1,442 ಚದರ ಕಿ.ಮೀ.ನ ಕಿಡೆಪೊ ವ್ಯಾಲಿ ರಾಷ್ಟ್ರೀಯ ಉದ್ಯಾನ. ಇಡೀ ದಿನ ಸುತ್ತಿದರೂ ಇನ್ನೊಂದು ಗಾಡಿ ಕಾಣದಿರಬಹುದು. ನೋಡುವವರಿಗೆ ಅದೇ ಸುಖ, ಗಾಡಿ ಕೆಟ್ಟರೆ ಅದೇ ಕಷ್ಟ.

ಊರು ಬಿಡುವ ಮೊದಲು ಹಳದಿ ಜ್ವರದ ಲಸಿಕೆ. ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಂಡಿರಬೇಕು. ಸರ್ಟಿಫಿಕೇಟ್ ಇಲ್ಲದೆ ಭಾರತಕ್ಕೆ ಮರಳಿದರೆ 6 ದಿನದವರೆಗೆ ಪ್ರತ್ಯೇಕವಾಸಕ್ಕೆ ಹಾಕುತ್ತಾರೆ.

ಕಂಪಾಲಾದಿಂದ ಗುಲು, ಕಿಟ್ಗುಂ, ಕರೆಂಗಾ ಮೂಲಕ ಹೋಗುತ್ತೇವೆ, ಎರಡು ದಿನಕ್ಕೆ ಹಂಚಿ. ಅಕ್ಕಿ, ಬೇಳೆ, ಅವಲಕ್ಕಿ ಕಂಪಾಲಾದಲ್ಲೇ ಸಿಗುತ್ತವೆ. ಡೀಸೆಲನ್ನು ಕಿಟ್ಗುಂನಲ್ಲಿ ಕಂಠಮಟ್ಟ ತುಂಬಿಸುವುದು. ಲೆಕ್ಕ ಹೀಗೆ: ಅಲ್ಲಿಂದ ಹೋಗಿ ಬರಲು ಸುಮಾರು 300 ಕಿ.ಮೀ., ಒಳಗಿನ ಸುತ್ತಾಟ 200. ಲೀಟರಿಗೆ 7 ಕಿ.ಮೀ. ಕೊಡುವ ಲ್ಯಾಂಡ್ ಕ್ರೂಸರ್ ಸಫಾರಿ ವೇಗದಲ್ಲಿ 5ಕ್ಕೆ ಇಳಿಯುತ್ತದೆ. ಹಾಗಾಗಿ 90 ಲೀಟರಿನ ಟ್ಯಾಂಕ್ ಜೊತೆಗೆ 20 ಲೀಟರಿನ ಒಂದು ಕ್ಯಾನ್. ಸ್ಟೆಪ್ನಿ ಎರಡು, ಒಂದು ಸಾಲದು. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ 5 ಲೀಟರ್ ನೀರು.

ಡಿಸೆಂಬರಿಂದ ಮಾರ್ಚ್‌ವರೆಗಿನ ಒಣಗಾಲವೇ ಸರಿ. ಆಗ ನೀರು ಉಳಿಯುವುದು ನರುಸ್ ಕಣಿವೆಯ ಗುಂಡಿಗಳಲ್ಲಿ ಮಾತ್ರ. ಕಾಡೆಮ್ಮೆ, ಆನೆ, ಜಿರಾಫೆ, ಜೀಬ್ರಾ ಎಲ್ಲ ಅಲ್ಲಿಗೇ ಬರಬೇಕು. ಮೂರು ದಿನವಿದ್ದರೆ ಎರಡು ದಿನ ನರುಸ್‌ಗೇ ಇಡಿ. ಬೆಳಿಗ್ಗೆ ಆರೂವರೆಗೆ ತಂಗುವ ಜಾಗವಾದ ಅಪೋಕಾ ಕ್ಯಾಂಪ್ ಬಿಟ್ಟು ಮೊದಲು ಬಂಡೆಗಳನ್ನು ದುರ್ಬೀನಿನಲ್ಲಿ ಜಾಲಾಡಿ; ಸಿಂಹಗಳು ಮೇಲೆ ಬಿಸಿಲು ಕಾಯಿಸುತ್ತಿರುತ್ತವೆ. ಇಂಜಿನ್ ಆಫ್ ಮಾಡಿ ಇಪ್ಪತ್ತು ನಿಮಿಷ ಸುಮ್ಮನೆ ಕೂರದವರಿಗೆ ಅರ್ಧ ಮಾತ್ರ ಕಾಣುತ್ತದೆ.

ಉಳಿದ ಒಂದು ದಿನ ರೇಂಜರ್ ಜೊತೆ ಉತ್ತರದ ಕಿಡೆಪೊ ಕಣಿವೆಗೆ, ಕನಂಗೊರೊಕ್ ಬಿಸಿನೀರ ಬುಗ್ಗೆಯವರೆಗೆ. ಉಷ್ಟ್ರಪಕ್ಷಿ ಕಾಣಬಹುದು. ನಮ್ಮ ತಾಟಿನಿಂಗಿನ ಮರದ ಹತ್ತಿರದ ಬಂಧುಗಳಾದ ತಾಳೆಮರಗಳಂತೂ ಕಿಡೆಪೊ ಹೊಳೆಯುದ್ದಕ್ಕೂ ಇವೆ. ಒಣಗಿದ ಹೊಳೆಯ ಮರಳೇ ಇಲ್ಲಿನ ಪರೀಕ್ಷೆ. ಚಕ್ರದ ಗಾಳಿಯನ್ನು 18–20 ಪಿಎಸ್‌ಐಗೆ ಇಳಿಸಿ, ಫೋರ್‌ವೀಲ್ ಹಾಕಿ, ಎಲ್ಲೂ ನಿಲ್ಲಿಸದೆ ದಾಟಬೇಕು. ಚಕ್ರ ಸುಮ್ಮನೆ ತಿರುಗತೊಡಗಿದರೆ ತಕ್ಷಣ ಆಕ್ಸಿಲರೇಟರ್ ಬಿಡಿ, ತುಳಿದಷ್ಟೂ ಆಕ್ಸಲ್‌ವರೆಗೆ ಹೂಳುತ್ತದೆ. ಸಲಿಕೆ, ಎರಡು ಹಲಗೆ ಇದಕ್ಕೇ. ಗಟ್ಟಿ ನೆಲ ಸಿಕ್ಕಿದೊಡನೆ ಕಂಪ್ರೆಸರ್‌ನಿಂದ ಗಾಳಿ ತುಂಬಿ, ಇಲ್ಲವಾದರೆ ಕಲ್ಲಿಗೆ ಟೈರಿನ ಪಕ್ಕೆ ಸೀಳುತ್ತದೆ. ಈ ಕಣಿವೆಯಲ್ಲಿ ಗದಗಿನ ಎರೆಯಂಥ ಕಪ್ಪು ಮಣ್ಣೂ ಇದೆ. ಮಳೆ ಬಿದ್ದ ದಿನ ಅತ್ತ ಹೋಗುವ ಆಸೆ ಬಿಡಿ.

ರಕ್ತ ಹೀರುವ ತ್ಸೆತ್ಸೆ ನೊಣ ಓಡುವ ಗಾಡಿಯನ್ನೇ ಬೆನ್ನಟ್ಟುತ್ತದೆ, ತೆಳು ಬಟ್ಟೆಯ ಮೇಲಿಂದಲೇ ಕಚ್ಚುತ್ತದೆ. ನೀಲಿ, ಕಪ್ಪು ಬಣ್ಣ ಕಂಡರೆ ಅದಕ್ಕೆ ಪ್ರೀತಿ. ಅದನ್ನು ಹಿಡಿಯುವ ಬಲೆಗಳಿಗೂ ಅದೇ ಬಣ್ಣ. ಹಚ್ಚಿಕೊಳ್ಳುವ ಕ್ರೀಮ್ ನಂಬಬೇಡಿ. ಮಣ್ಣುಬಣ್ಣದ ದಪ್ಪ ಬಟ್ಟೆ ತೊಟ್ಟು ಕಿಟಕಿ ಏರಿಸಿಕೊಳ್ಳಿ.

ಆನೆಗಳು ಕ್ಯಾಂಪಿನೊಳಗೂ ಬರುತ್ತವೆ. ಟೆಂಟಿನಲ್ಲಿ ಬಾಳೆಹಣ್ಣು, ಮಾವು ಇಡಲೇಬಾರದು. ಹೊರಡುವ ಬೆಳಿಗ್ಗೆ ಏರ್ ಫಿಲ್ಟರ್ ಬಿಚ್ಚಿ ಕೊಡವಿ, ಕಿಟ್ಗುಂವರೆಗೆ ಮತ್ತೆ ಧೂಳೇ.